ಎಚ್‌ಆರ್ ಕೆಲ್ಸ ಹೊರಗೆ ಕೊಡೋದಾ, ಒಳಗೇ ಇಟ್ಕೊಳ್ಳೋದಾ? ಸಣ್ಣ ಕಂಪನಿಗಳಿಗೆ ಇರೋ ದಾರಿಗಳ ಹೋಲಿಕೆ

ಐದಾರು ಜನ ಇದ್ದಾಗ ಎಚ್‌ಆರ್ ಅನ್ನೋ ಕೆಲ್ಸಾನೇ ಇಲ್ಲ ಅನ್ಸುತ್ತೆ. ಸಂಬಳ ಓನರ್ರೇ ಹಾಕ್ತಾರೆ, ರಜೆ ಬೇಕಂದ್ರೆ ಒಂದು ಮೆಸೇಜು, ಹೊಸಬ್ರು ಬಂದ್ರೆ ಪಕ್ಕದ ಸೀಟಿನವ್ರೇ ಕೆಲ್ಸ ಹೇಳ್ಕೊಡ್ತಾರೆ. ಹದಿನೈದಿಪ್ಪತ್ತು ಜನ ಆಗೋಷ್ಟರಲ್ಲಿ ಅದೇ ಕೆಲ್ಸ ಮೈಮೇಲೆ ಬಿದ್ದಿರುತ್ತೆ, ಅಕೌಂಟ್ಸ್ ನೋಡ್ಕೊಳ್ಳೋರು ತಿಂಗಳ ಕೊನೇ ವಾರ ಪೂರ್ತಿ ಸಂಬಳದ ಶೀಟಲ್ಲೇ ಮುಳುಗಿರ್ತಾರೆ, ಆಫರ್ ಲೆಟರ್ ಒಬ್ಬೊಬ್ರಿಗೆ ಒಂದೊಂದ್ ಥರ ಹೋಗಿರುತ್ತೆ, ಕೆಲ್ಸ ಬಿಟ್ಟೋರ ಸೆಟಲ್‌ಮೆಂಟ್ ಎಲ್ಲೋ ನಿಂತಿರುತ್ತೆ. ಸರಿಯಾಗಿ ಆಗ್ಲೇ ನಾಲ್ಕಾರು ಕಡೆಯಿಂದ ಸೇಲ್ಸ್ ಕಾಲ್ ಶುರು. ಒಬ್ರು ಸಾಫ್ಟ್‌ವೇರ್ ಸಾಕು ಅಂತಾರೆ, ಇನ್ನೊಬ್ರು ಪೇರೋಲ್, ಅಂದ್ರೆ ಸಂಬಳದ ಲೆಕ್ಕ, ನಮಗೆ ಬಿಡಿ ಅಂತಾರೆ, ಮತ್ತೊಬ್ರು ಇಡೀ ಎಚ್‌ಆರ್ ನಾವೇ ನೋಡ್ಕೊತೀವಿ ನೀವು ಬಿಸಿನೆಸ್ ನೋಡ್ಕೊಳ್ಳಿ ಅಂತಾರೆ. ಇದ್ರಲ್ಲಿ ಯಾವ್ದನ್ನ ತಗೊಳ್ಳೋದು ಅಂತ ತಲೆ ಕೆಡಿಸ್ಕೊಂಡಿರೋರಿಗೆ ಈ ಬರಹ.

ನನ್ನ ನಿಲುವು ಮೊದ್ಲೇ ಹೇಳ್ತೀನಿ. ಕೆಲ್ಸ ಹೊರಗೆ ಕೊಡಬಹುದು, ಹೊಣೆ ಅಷ್ಟು ಸುಲಭಕ್ಕೆ ಹೊರಗೆ ಹೋಗಲ್ಲ. ಹಾಗಾಗಿ ಅವ್ರು ಏನೇನ್ ಮಾಡ್ಕೊಡ್ತಾರೆ ಅನ್ನೋ ಪಟ್ಟಿ ನೋಡಿ ಆರಿಸ್ಬೇಡಿ, ಅವ್ರಿಗೆ ಕೊಟ್ಮೇಲೂ ನಮ್ಮ ತಲೆ ಮೇಲೆ ಏನೇನ್ ಉಳಿಯುತ್ತೆ ಅಂತ ನೋಡಿ ಆರಿಸಿ. ಪಟ್ಟಿ ಎಲ್ರದ್ದೂ ಹೆಚ್ಚುಕಮ್ಮಿ ಒಂದೇ ಇರುತ್ತೆ, ಉಳಿಯೋದು ಮಾತ್ರ ಒಂದೊಂದ್ ದಾರೀಲಿ ಒಂದೊಂದ್ ಥರ.

ಯಾವುದರಿಂದ ಅಳೀಬೇಕು

ಮೊದಲನೇದು ಟೈಮು. ಈಗ ಎಚ್‌ಆರ್ ಕೆಲ್ಸಕ್ಕೆ ತಿಂಗಳಿಗೆ ಎಷ್ಟು ಗಂಟೆ ಹೋಗ್ತಿದೆ, ಅದು ಯಾರ ಗಂಟೆ ಅಂತ ಒಂದು ತಿಂಗಳು ಕೂತು ಬರೆದಿಡಿ. ಓನರ್ ಗಂಟೆ ಹೋಗ್ತಿದ್ರೆ ಲೆಕ್ಕ ಬೇರೆ, ಅಕೌಂಟ್ಸ್ ಅಸಿಸ್ಟೆಂಟ್ ಗಂಟೆ ಹೋಗ್ತಿದ್ರೆ ಲೆಕ್ಕ ಬೇರೆ. ಹಾಗೇ ಆ ಗಂಟೆಗಳು ಎಲ್ಲಿ ಹೋಗ್ತಿವೆ ಅಂತಾನೂ ಬರೀರಿ, ಸಂಬಳದ ಲೆಕ್ಕಕ್ಕಾ, ಜನ ಹುಡುಕೋಕಾ, ಜಗಳ ಬಿಡಿಸೋಕಾ. ಜನ ಹುಡುಕೋಕೆ ಟೈಮ್ ಹೋಗ್ತಿರೋ ಕಂಪನಿ ಪೇರೋಲ್ ಹೊರಗೆ ಕೊಟ್ಟು ಏನೂ ಉಳಿಸಲ್ಲ.

ಎರಡನೇದು ತಪ್ಪಾದ್ರೆ ಯಾರು ಉತ್ತರ ಕೊಡ್ಬೇಕು ಅನ್ನೋದು. ಇದನ್ನ ಜನ ಕೇಳೋದೇ ಇಲ್ಲ. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಇದನ್ನ ಸ್ಪಷ್ಟವಾಗೇ ಹೇಳುತ್ತೆ: ಪೇರೋಲ್ ಕಂಪನಿಗೆ ಕೊಟ್ಟಿದ್ರೂ, ಅವ್ರು ತೆರಿಗೆ ಕಟ್ಟದೇ ಹೋದ್ರೆ ಸಾಮಾನ್ಯವಾಗಿ ಬಾಕಿ ಕಟ್ಬೇಕಾದೋರು ಉದ್ಯೋಗದಾತರೇ. ನಾನು ದುಡ್ಡು ಕೊಟ್ಟಿದ್ದೆ ಸಾರ್ ಅಂದ್ರೆ ಕೇಳಲ್ಲ. ಡೇಟಾದಲ್ಲೂ ಅಷ್ಟೇ, ಯುರೋಪಿನ ಡೇಟಾ ರಕ್ಷಣೆ ಕಾನೂನು ಜಿಡಿಪಿಆರ್ 2018ರ ಮೇ 25ರಿಂದ ಜಾರಿಯಲ್ಲಿದೆ, ಅದರ ಪ್ರಕಾರ ನೌಕರರ ಮಾಹಿತಿ ಯಾಕೆ ಹೇಗೆ ಬಳಸ್ಬೇಕು ಅಂತ ತೀರ್ಮಾನ ಮಾಡೋರು ನೀವಾದ್ರೆ ಮುಖ್ಯ ಹೊಣೆ ನಿಮ್ಮದೇ, ಹೊರಗಿನವ್ರು ನಿಮ್ಮ ಪರವಾಗಿ ಕೆಲ್ಸ ಮಾಡೋರು ಅಷ್ಟೇ. ಮಾಹಿತಿ ಸೋರಿ ಜನರಿಗೆ ತೊಂದರೆ ಆಗೋ ಸಾಧ್ಯತೆ ಇದ್ರೆ, ಗೊತ್ತಾದ 72 ಗಂಟೆ ಒಳಗೆ ಪ್ರಾಧಿಕಾರಕ್ಕೆ ತಿಳಿಸ್ಬೇಕಾದೋರೂ ನೀವೇ. ನಿಮ್ಮ ದೇಶದ ಕಾನೂನು ಬೇರೆ ಇರಬಹುದು, ಆದ್ರೆ ಪ್ರಶ್ನೆ ಅದೇ.

ಮೂರನೇದು ದುಡ್ಡಿನ ದಾರಿ. ಸಂಬಳದ ಹಣ ನಿಮ್ಮ ಖಾತೆಯಿಂದ ನೇರ ನೌಕರರ ಖಾತೆಗೆ ಹೋಗುತ್ತಾ, ಇಲ್ಲಾ ಮಧ್ಯದಲ್ಲಿ ವೆಂಡರ್ ಖಾತೆಗೆ ಹೋಗಿ ಅಲ್ಲಿಂದ ಹೋಗುತ್ತಾ? 2019ರ ಸೆಪ್ಟೆಂಬರಲ್ಲಿ ನ್ಯೂಯಾರ್ಕ್ ರಾಜ್ಯದ ಮೈಪೇರೋಲ್‌ಎಚ್‌ಆರ್ ಅನ್ನೋ ಕಂಪನಿ ಇದ್ದಕ್ಕಿದ್ದಂಗೆ ಬಾಗಿಲು ಹಾಕ್ತು, ಅದರ ಗ್ರಾಹಕರಲ್ಲಿ ಹೆಚ್ಚಿನವ್ರು ಸಣ್ಣ ಕಂಪನಿಗಳೇ, ಸುಮಾರು 3.5 ಕೋಟಿ ಡಾಲರ್ ಸಂಬಳ, ತೆರಿಗೆ ಹಣ ಹೋಗ್ಬೇಕಾದ ಕಡೆ ಹೋಗ್ಲೇ ಇಲ್ಲ. ಅದಕ್ಕಿಂತ ಕೆಟ್ಟದ್ದು ಅಂದ್ರೆ ಎಷ್ಟೋ ನೌಕರರ ಖಾತೆಗೆ ಆಗ್ಲೇ ಬಂದಿದ್ದ ಸಂಬಳಾನೂ ವಾಪಸ್ ಹೋಗ್ಬಿಡ್ತು, ಮನೆ ಬಾಡಿಗೆಗೆ ಇಟ್ಟಿದ್ದ ದುಡ್ಡು ಬೆಳಗ್ಗೆ ಎದ್ದು ನೋಡಿದ್ರೆ ಇಲ್ಲ. ತಪ್ಪು ಮಾಡಿದ್ದು ವೆಂಡರ್ರು, ಆದ್ರೆ ಸಂಬಳ ಎಲ್ಲಿ ಅಂತ ನೌಕರರು ಕೇಳೋದು ಓನರ್ ಹತ್ರಾನೇ. ಹಾಗಾಗಿ ಲೆಕ್ಕ ಹಾಕೋ ಕೆಲ್ಸ ಹೊರಗೆ ಕೊಡಿ, ದುಡ್ಡು ಬಿಡುಗಡೆ ಮಾಡೋ ಬಟನ್ ಮಾತ್ರ ಆದಷ್ಟು ನಿಮ್ಮ ಕೈಯಲ್ಲೇ ಇಟ್ಕೊಳ್ಳಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಾಲ್ಕನೇದು ವೆಂಡರ್ ಸಿಸ್ಟಮ್ ನಿಂತೋದ್ರೆ ನಿಮ್ಮ ಗತಿ ಏನು. 2021ರ ಡಿಸೆಂಬರಲ್ಲಿ ಯುಕೆಜಿ ಕಂಪನಿಯ ಕ್ರೋನೋಸ್ ಕ್ಲೌಡ್ ಮೇಲೆ ರಾನ್ಸಮ್‌ವೇರ್ ದಾಳಿ (ಸಿಸ್ಟಮ್ ಲಾಕ್ ಮಾಡಿ ದುಡ್ಡು ಕೇಳೋದು) ಆಗಿ ಹಾಜರಿ, ಪೇರೋಲ್ ಸಿಸ್ಟಮ್‌ಗಳು ವಾರಗಟ್ಲೆ ಸಿಗ್ಲಿಲ್ಲ, ದೊಡ್ಡ ದೊಡ್ಡ ಸಂಸ್ಥೆಗಳೇ ಅಂದಾಜಿನ ಮೇಲೆ ಸಂಬಳ ಕೊಟ್ಟು ಆಮೇಲೆ ಸರಿ ಮಾಡ್ಬೇಕಾಯ್ತು. ಹಿಂದಿನ ತಿಂಗಳ ಪೂರ್ತಿ ಸಂಬಳದ ಪಟ್ಟಿ, ಬ್ಯಾಂಕ್ ವಿವರದ ಜೊತೆ, ನಿಮ್ಮ ಹತ್ರ ಭದ್ರವಾಗಿ ಒಂದು ಕಾಪಿ ಇದ್ರೆ ಇಂಥಾ ತಿಂಗಳು ದಾಟಬಹುದು.

ಇನ್ನು ಫೀಸಿನ ಸ್ವರೂಪ. ತಲೆಗೆ ಇಷ್ಟು ಅಂತ ಒಂದು, ಒಟ್ಟು ಸಂಬಳದ ಶೇಕಡಾ ಇಷ್ಟು ಅಂತ ಒಂದು, ತಿಂಗಳಿಗೆ ಇಡಿಯಾಗಿ ಇಷ್ಟು ಅಂತ ಒಂದು. ಶೇಕಡಾ ಲೆಕ್ಕ ನೋಡೋಕೆ ಸಣ್ಣದು ಅನ್ಸುತ್ತೆ. ಒಂದು ಲೆಕ್ಕ ನೋಡಿ, ಯಾವ ಕರೆನ್ಸಿ ಆದ್ರೂ ಸರಿ: 1000 ಸಂಬಳದೋರು 20 ಜನ, 5000 ಸಂಬಳದೋರು 5 ಜನ, ಒಟ್ಟು 45,000. ಶೇಕಡಾ 4 ಅಂದ್ರೆ ಫೀಸು 1800, ತಲೆಗೆ 60 ಅಂದ್ರೆ 1500. ಆ 1800ರಲ್ಲಿ 1000 ಬರೀ ಆ ಐದು ಜನರ ಲೆಕ್ಕಕ್ಕೆ ಹೋಗ್ತಿದೆ, ಅವ್ರ ಸಂಬಳ ಲೆಕ್ಕ ಹಾಕೋಕೆ ಐದು ಪಟ್ಟು ಕೆಲ್ಸ ಏನೂ ಇಲ್ಲ. ಮೇಲಾಗಿ ನೀವು ಎಲ್ರಿಗೂ ಶೇಕಡಾ 10 ಇಂಕ್ರಿಮೆಂಟ್ ಕೊಟ್ಟ ವರ್ಷ ವೆಂಡರಿಗೂ ಶೇಕಡಾ 10 ಇಂಕ್ರಿಮೆಂಟ್ ತಾನಾಗೇ ಸಿಗುತ್ತೆ. ಹೆಚ್ಚು ಸಂಬಳದೋರು ಇರೋ ಕಂಪನಿಗೆ ತಲೆ ಲೆಕ್ಕ ಒಳ್ಳೇದು, ಕಡಿಮೆ ಸಂಬಳದೋರು ಜಾಸ್ತಿ ಇದ್ರೆ ಶೇಕಡಾ ಲೆಕ್ಕಾನೇ ಅಗ್ಗ ಆಗಬಹುದು, ನಿಮ್ಮ ಶೀಟ್ ಇಟ್ಕೊಂಡು ಎರಡೂ ಹಾಕಿ ನೋಡಿ.

ಕೊನೇದು ಬಿಟ್ಟು ಬರೋ ದಾರಿ, ಅದನ್ನ ಕೆಳಗೆ ಹೇಳ್ತೀನಿ.

ಸಾಫ್ಟ್‌ವೇರ್ ತಗೊಂಡು ಒಳಗೇ ಮಾಡೋದು

ಎಲ್ಲಕ್ಕಿಂತ ಅಗ್ಗ, ಡೇಟಾ ನಿಮ್ಮ ಕೈಲಿ, ದುಡ್ಡಿನ ಬಟನ್ನೂ ನಿಮ್ಮ ಕೈಲಿ. ರಜೆ, ಹಾಜರಿ, ಸ್ಯಾಲರಿ ಸ್ಲಿಪ್ ಇಷ್ಟಕ್ಕೆ ನಿಜವಾಗ್ಲೂ ಸಾಕು. ಆದ್ರೆ ಸಾಫ್ಟ್‌ವೇರ್ ನೀವು ಹೇಳಿದ್ದನ್ನ ಲೆಕ್ಕ ಹಾಕುತ್ತೆ, ನೀವು ಹೇಳಿದ್ದು ಸರಿನಾ ಅಂತ ಕೇಳಲ್ಲ. ಒಬ್ಬರನ್ನ ತಪ್ಪು ಕೆಟಗರಿಗೆ ಹಾಕಿದ್ರೆ ಆ ತಪ್ಪು ತಿಂಗಳು ತಿಂಗಳೂ ನೀಟಾಗಿ, ಪ್ರಿಂಟ್ ಆಗಿ ಬರುತ್ತೆ. ಕಾನೂನು ಬದಲಾದಾಗ ಅಪ್‌ಡೇಟ್ ಬಂದಿದ್ಯಾ ಅಂತ ನೋಡೋ ಒಬ್ರು ಒಳಗೆ ಬೇಕೇ ಬೇಕು, ಅವ್ರು ರಜೆ ಹೋದ ವಾರವೇ ಸಂಬಳದ ವಾರ ಆದ್ರೆ ಕೂರೋಕೆ ಇನ್ನೊಬ್ರೂ ಬೇಕು. ಇಪ್ಪತ್ತರ ಒಳಗೆ ಜನ, ಎಲ್ರೂ ಒಂದೇ ಊರಲ್ಲಿ, ಎಲ್ರದ್ದೂ ತಿಂಗಳ ಸಂಬಳ, ಓವರ್‌ಟೈಮ್ ಶಿಫ್ಟು ಅಂತ ಗೋಜಲಿಲ್ಲ ಅಂದ್ರೆ ಇದನ್ನ ಬಿಟ್ಟು ಮುಂದೆ ಹೋಗೋ ಅಗತ್ಯ ನನಗಂತೂ ಕಾಣಲ್ಲ.

ಪೇರೋಲ್ ಒಂದನ್ನೇ ಹೊರಗೆ ಕೊಡೋದು

ಹೊರಗೆ ಕೊಡೋದು ಅಂತಾದ್ರೆ ಮೊದ್ಲು ಕೊಡ್ಬೇಕಾದ್ದು ಇದೇ. ಈ ಸೇವೆ ತುಂಬಾ ಹಳೇದು, ಎಡಿಪಿ ಕಂಪನಿ ಆಟೋಮ್ಯಾಟಿಕ್ ಪೇರೋಲ್ಸ್ ಅನ್ನೋ ಹೆಸರಲ್ಲಿ ನ್ಯೂಜೆರ್ಸಿಲಿ ಶುರುವಾಗಿದ್ದು 1949ರಲ್ಲಿ. ಇಷ್ಟು ವರ್ಷ ಪಳಗಿರೋ ಕೆಲ್ಸ ಆದ್ರಿಂದ ವೆಂಡರ್‌ಗಳು ಬೇಕಾದಷ್ಟು, ರೇಟ್ ಹೋಲಿಸೋದು ಸುಲಭ, ಕೆಲ್ಸ ಸರಿಯಾಗಿದ್ಯಾ ಅಂತ ಅಳೆಯೋದೂ ಸುಲಭ: ಸಂಬಳ ಸರಿಯಾದ ದಿನ ಸರಿಯಾದ ಮೊತ್ತ ಬಂತಾ ಇಲ್ವಾ, ರಿಟರ್ನ್ ಟೈಮಿಗೆ ಫೈಲ್ ಆಯ್ತಾ ಇಲ್ವಾ, ಅಷ್ಟೇ.

ನಿಮ್ಮ ತಲೆ ಮೇಲೆ ಉಳಿಯೋದು ಇನ್‌ಪುಟ್. ಈ ತಿಂಗಳು ಯಾರು ಸೇರಿದ್ರು, ಯಾರು ಬಿಟ್ರು, ಯಾರಿಗೆ ಸಂಬಳ ಕಟ್, ಯಾರಿಗೆ ಬೋನಸ್ ಅಂತ ಕಟ್‌ಆಫ್ ದಿನದೊಳಗೆ ಕೊಡ್ಲೇಬೇಕು. ಕೊಡದೇ ಇದ್ರೆ ಮುಂದಿನ ತಿಂಗಳಿಗೆ ಅರಿಯರ್ಸ್, ಇಲ್ಲಾಂದ್ರೆ ಆಫ್‌ಸೈಕಲ್ ರನ್ (ಮಾಮೂಲಿ ದಿನ ಬಿಟ್ಟು ಮತ್ತೊಮ್ಮೆ ಸಂಬಳ ಹಾಕೋದು) ಅಂತ ಎಕ್ಸ್‌ಟ್ರಾ ಚಾರ್ಜು. ಹೊರಗೆ ಕೊಟ್ಟ ಮೇಲೆ ಅರ್ಧಕ್ಕರ್ಧ ತಲೆನೋವು ಇಲ್ಲಿಂದಾನೇ ಹುಟ್ಟೋದು, ವೆಂಡರ್ ಲೆಕ್ಕ ತಪ್ಪಿದ್ದು ಕಮ್ಮಿ, ನಾವು ಕೊಟ್ಟ ಮಾಹಿತಿ ಲೇಟಾಗಿದ್ದು ಜಾಸ್ತಿ. ಒಳಗೆ ಒಬ್ರಿಗೆ ಇದರ ಹೊಣೆ ಅಂತ ಹೆಸರು ಹಿಡಿದು ಕೊಡಿ.

ವೆಂಡರ್ ಆರಿಸುವಾಗ ಎಸ್‌ಒಸಿ 1 ರಿಪೋರ್ಟು, ಇಲ್ಲಾ ಐಎಸ್‌ಎಇ 3402 ರಿಪೋರ್ಟು ಇದ್ಯಾ ಕೇಳಿ, ಅಂದ್ರೆ ತಪ್ಪು ಮೋಸ ಆಗದಂಗೆ ವೆಂಡರ್ ಇಟ್ಟಿರೋ ನಿಯಂತ್ರಣಗಳನ್ನ ಹೊರಗಿನ ಆಡಿಟರ್ ನೋಡಿ ಬರೆದ ವರದಿ. ಅದರಲ್ಲಿ ಟೈಪ್ 1, ಟೈಪ್ 2 ಅಂತ ಇರುತ್ತೆ. ಟೈಪ್ 1 ಅಂದ್ರೆ ಒಂದು ನಿರ್ದಿಷ್ಟ ದಿನ ನೋಡಿದಾಗ ನಿಯಂತ್ರಣಗಳು ಸರಿಯಾಗಿ ರೂಪಿಸಿದ್ರು ಅಂತ, ಟೈಪ್ 2 ಅಂದ್ರೆ ಕೆಲವು ತಿಂಗಳ ಅವಧಿಯಲ್ಲಿ ಅವು ನಿಜವಾಗ್ಲೂ ಕೆಲ್ಸ ಮಾಡಿದ್ವು ಅಂತ ಆಡಿಟರ್ ಪರೀಕ್ಷೆ ಮಾಡಿರ್ತಾರೆ. ಟೈಪ್ 2 ಇದ್ರೆ ಒಳ್ಳೇದು. ಸಣ್ಣ ವೆಂಡರ್‌ಗಳ ಹತ್ರ ಇದು ಎಷ್ಟೋ ಸಲ ಇರಲ್ಲ, ಇಲ್ಲ ಅಂದ ಮಾತ್ರಕ್ಕೆ ಅವ್ರು ಕೆಟ್ಟೋರಲ್ಲ, ಆದ್ರೆ ಆಗ ದುಡ್ಡಿನ ದಾರಿ ಬಗ್ಗೆ ನಿಮ್ಮ ಹಠ ಇನ್ನೂ ಗಟ್ಟಿಯಾಗಿರ್ಲಿ.

ಪಾರ್ಟ್‌ಟೈಮ್ ಎಚ್‌ಆರ್ ಕನ್ಸಲ್ಟೆಂಟ್

ವಾರಕ್ಕೆ ಒಂದೆರಡು ದಿನ, ಇಲ್ಲಾ ತಿಂಗಳಿಗೆ ಇಷ್ಟು ಗಂಟೆ ಅಂತ ಒಬ್ಬ ಅನುಭವಸ್ಥರನ್ನ ಇಟ್ಕೊಳ್ಳೋದು. ಈ ದಾರೀನ ಜನ ಲೆಕ್ಕಕ್ಕೇ ತಗೊಳ್ಳಲ್ಲ, ನನ್ನ ಪ್ರಕಾರ 20ರಿಂದ 50 ಜನರ ಕಂಪನಿಗೆ ಇದರಷ್ಟು ಬೆಲೆಬಾಳೋದು ಬೇರೆ ಇಲ್ಲ. ಯಾಕಂದ್ರೆ ಈ ಹಂತದಲ್ಲಿ ಕಂಪನಿ ಸೋಲೋದು ಸಂಬಳದ ಲೆಕ್ಕದಲ್ಲಲ್ಲ. ಹಳಬ್ರಿಗೆ ಒಂದು ಸಂಬಳ ಅದೇ ಕೆಲ್ಸಕ್ಕೆ ಹೊಸಬ್ರಿಗೆ ಜಾಸ್ತಿ ಸಂಬಳ ಅಂತಾಗಿ ಒಳಗೊಳಗೇ ಕುದೀತಿರುತ್ತೆ, ಚೆನ್ನಾಗಿ ಕೋಡ್ ಬರೀತಾರೆ ಅಂತ ಮ್ಯಾನೇಜರ್ ಮಾಡಿದೋರಿಗೆ ಜನರ ಹತ್ರ ಮಾತಾಡೋಕೇ ಬರಲ್ಲ, ಕೆಲ್ಸ ಸರಿಯಿಲ್ಲ ಅಂತ ಯಾರಿಗೂ ಮುಖಕ್ಕೆ ಹೇಳದೇ ಒಂದು ದಿನ ಏಕಾಏಕಿ ತೆಗೆದುಹಾಕ್ತಾರೆ. ಇಂಥದ್ದಕ್ಕೆ ಸಾಫ್ಟ್‌ವೇರೂ ಇಲ್ಲ, ಪೇರೋಲ್ ವೆಂಡರ್ ಹತ್ರ ಉತ್ತರಾನೂ ಇಲ್ಲ, ಹತ್ತು ಕಂಪನಿ ನೋಡಿರೋ ಒಬ್ರು ಪಕ್ಕದಲ್ಲಿ ಕೂತು ಹೀಗ್ ಮಾಡಿ ಅನ್ಬೇಕು.

ಕೊರತೆ ಏನಂದ್ರೆ ಅವ್ರು ಒಬ್ರೇ. ನೀವು ಕರೆದಾಗ ಬೇರೆ ಗ್ರಾಹಕರ ಹತ್ರ ಇರಬಹುದು. ದಿನನಿತ್ಯದ ಪೇಪರ್ ಕೆಲ್ಸಕ್ಕೆ ಅವ್ರನ್ನ ಬಳಸಿದ್ರೆ ದುಬಾರಿ. ಪೇರೋಲ್ ಹೊರಗೆ, ಜೊತೆಗೆ ಇಂಥವ್ರು ಒಬ್ರು, ಈ ಜೋಡಿ ಮಧ್ಯಮ ಬಜೆಟ್ಟಿಗೆ ಚೆನ್ನಾಗಿ ಹೊಂದುತ್ತೆ.

ಇಡೀ ಎಚ್‌ಆರ್ ಹೊರಗೆ

ಆಫರ್ ಲೆಟರಿಂದ ಹಿಡಿದು ಎಕ್ಸಿಟ್ ಇಂಟರ್‌ವ್ಯೂ ತನಕ ಎಲ್ಲಾ ಅವ್ರದ್ದೇ, ನೌಕರರು ಮಾತ್ರ ನಿಮ್ಮ ಹೆಸರಲ್ಲೇ ಇರ್ತಾರೆ. ಈ ಮಾದರಿ ಬೆಳೆದಿದ್ದೇ ದೈತ್ಯ ಕಂಪನಿಗಳಿಗೋಸ್ಕರ, 1999ರಲ್ಲಿ ಬಿಪಿ ತನ್ನ ಎಚ್‌ಆರ್ ಕೆಲ್ಸದ ದೊಡ್ಡ ಭಾಗವನ್ನ ಎಕ್ಸಲ್ಟ್ ಅನ್ನೋ ಕಂಪನಿಗೆ ಕೊಟ್ಟಿದ್ದು ಇದರ ಮೊದಮೊದಲ ದೊಡ್ಡ ಒಪ್ಪಂದಗಳಲ್ಲಿ ಒಂದು. ಅಲ್ಲಿ ಸಾವಿರಾರು ಜನರ ಒಂದೇ ಥರದ ಕೆಲ್ಸ ಒಟ್ಟು ಮಾಡಿದ್ರೆ ಖರ್ಚು ಇಳಿಯುತ್ತೆ. ನಲ್ವತ್ತು ಜನರ ಕಂಪನೀಲಿ ಒಟ್ಟು ಮಾಡೋಕೆ ಏನಿದೆ? ಹಾಗಾಗಿ ಸಣ್ಣ ಕಂಪನಿಗೆ ಇದು ಖರ್ಚು ಉಳಿಸುತ್ತೆ ಅನ್ನೋ ಮಾತು ನಂಬೋ ಮುಂಚೆ ನಿಮ್ಮದೇ ಗಂಟೆ ಲೆಕ್ಕದ ಜೊತೆ ಇಟ್ಟು ನೋಡಿ. ಇದು ಕೆಲ್ಸ ಮಾಡೋದು ಬೇರೆ ಕಡೆ: ಹಲವು ಶಾಖೆ, ಶಿಫ್ಟ್ ಕೆಲ್ಸ, ಜನ ಬರೋದು ಹೋಗೋದು ಜಾಸ್ತಿ, ಪ್ರತಿ ತಿಂಗಳೂ ಹತ್ತಾರು ಜಾಯಿನಿಂಗ್ ಇರೋ ಕಡೆ.

ಇಲ್ಲಿ ನನ್ನನ್ನ ಕಾಡೋ ವಿಷಯ ಜನರದ್ದು. ನೌಕರರಿಗೆ ಏನೇ ಕಷ್ಟ ಬಂದ್ರೂ ಟಿಕೆಟ್ ಹಾಕಿ ಅಂತಾಗ್ಬಿಡುತ್ತೆ. ಸ್ಯಾಲರಿ ಸ್ಲಿಪ್ಪಿಗೆ ಟಿಕೆಟ್ ಸರಿ. ಮನೇಲಿ ಸಾವಾಗಿದೆ ರಜೆ ಬೇಕು ಅನ್ನೋಕೆ, ಮ್ಯಾನೇಜರ್ ಕಿರುಕುಳ ಕೊಡ್ತಿದ್ದಾರೆ ಅನ್ನೋಕೆ ಟಿಕೆಟ್ ಸರಿನಾ? ಇಡೀ ಎಚ್‌ಆರ್ ಹೊರಗೆ ಕೊಟ್ರೂ ಮೂರು ವಿಷಯ ಒಳಗೇ ಇರ್ಬೇಕು: ಸಂಬಳ ಎಷ್ಟು ಏರಿಸ್ಬೇಕು ಅನ್ನೋ ತೀರ್ಮಾನ, ಕೆಲ್ಸದಿಂದ ತೆಗೀತಿದೀವಿ ಅಂತ ಎದುರು ಕೂತು ಹೇಳೋ ಮಾತು, ದೂರು ಬಂದಾಗ ಮೊದಲು ಕೇಳಿಸ್ಕೊಳ್ಳೋ ಕಿವಿ. ದೂರಿನ ತನಿಖೆ ಮಾತ್ರ ಹೊರಗಿನವ್ರು ಮಾಡೋದೇ ಎಷ್ಟೋ ಸಲ ಒಳ್ಳೇದು, ಅದ್ರಲ್ಲೂ ಆರೋಪ ಓನರ್ ಮೇಲೋ ಅವ್ರ ಹತ್ತಿರದವ್ರ ಮೇಲೋ ಇದ್ದಾಗ ಒಳಗಿನ ತನಿಖೆಯನ್ನ ಯಾರೂ ನಂಬಲ್ಲ, ನಂಬಬೇಕು ಅಂತ ಕೇಳೋದೂ ನ್ಯಾಯ ಅಲ್ಲ.

ಪಿಇಒ ಮತ್ತೆ ಇಒಆರ್

ಈ ಎರಡರಲ್ಲೂ ನೌಕರರ ಹೆಸರೇ ಬೇರೆ ಪುಸ್ತಕಕ್ಕೆ ಹೋಗುತ್ತೆ, ಅದಕ್ಕೇ ಹುಷಾರು.

ಪಿಇಒ, ಅಂದ್ರೆ ಪ್ರೊಫೆಷನಲ್ ಎಂಪ್ಲಾಯರ್ ಆರ್ಗನೈಸೇಶನ್, ಮುಖ್ಯವಾಗಿ ಅಮೆರಿಕದ ವ್ಯವಸ್ಥೆ. ನೀವೂ ಅವ್ರೂ ಸೇರಿ ಜಂಟಿ ಉದ್ಯೋಗದಾತರಾಗ್ತೀರಿ, ದಿನದ ಕೆಲ್ಸ ಹೇಳೋರು ನೀವು, ಸಂಬಳ ತೆರಿಗೆ ವಿಮೆ ಅವ್ರ ಹೆಸರಲ್ಲಿ. ದೊಡ್ಡ ಆಕರ್ಷಣೆ ಆರೋಗ್ಯ ವಿಮೆ, ಹಲವು ಸಣ್ಣ ಕಂಪನಿಗಳ ಜನರನ್ನ ಒಟ್ಟು ಸೇರಿಸೋದ್ರಿಂದ ಹತ್ತು ಜನರ ಕಂಪನಿಗೂ ದೊಡ್ಡ ಕಂಪನಿ ಥರದ ಪ್ಲ್ಯಾನ್ ಸಿಗಬಹುದು. ಸಾಮಾನ್ಯವಾಗಿ ಇಡೀ ತಂಡವನ್ನೇ ಸೇರಿಸ್ಬೇಕು, ವಿಮೆ ಯಾವ್ದು ಅಂತ ಅವ್ರ ಪಟ್ಟಿಯಿಂದಾನೇ ಆರಿಸ್ಬೇಕು. ಅಲ್ಲಿ ಇದನ್ನ ತಗೊಳ್ಳೋದಾದ್ರೆ ಐಆರ್‌ಎಸ್ ಸರ್ಟಿಫೈ ಮಾಡಿರೋ ಪಿಇಒನೇ ನೋಡಿ. 2014ರ ಕಾನೂನಿನಿಂದ ಬಂದ ಈ ವ್ಯವಸ್ಥೆಯಲ್ಲಿ, ಅವ್ರು ಕೊಡೋ ಸಂಬಳದ ಮೇಲಿನ ಫೆಡರಲ್ ತೆರಿಗೆ ಹೊಣೆ ಸಾಮಾನ್ಯವಾಗಿ ಅವ್ರ ಮೇಲೇ ಹೋಗುತ್ತೆ, ಅಂದ್ರೆ ಹೊಣೆ ನಿಜಕ್ಕೂ ಕೈ ಬದಲಾಗೋ ಅಪರೂಪದ ಜಾಗ ಇದು. ಸರ್ಟಿಫೈ ಆಗದವ್ರ ಹತ್ರ ವರ್ಷದ ಮಧ್ಯ ಸೇರಿದ್ರೆ, ವರ್ಷಕ್ಕೆ ಇಷ್ಟು ಸಂಬಳದ ತನಕ ಮಾತ್ರ ಅಂತ ಮಿತಿ ಇರೋ ತೆರಿಗೆಗಳ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗಿ ಎರಡು ಸಲ ಕಟ್ಟೋ ಹಂಗಾಗಬಹುದು, ಅದಕ್ಕೇ ಜನ ಜನವರಿ ಒಂದಕ್ಕೆ ಸೇರೋದು.

ಇಒಆರ್, ಅಂದ್ರೆ ಎಂಪ್ಲಾಯರ್ ಆಫ್ ರೆಕಾರ್ಡ್, ಬೇಕಾಗೋದು ನಿಮಗೆ ಕಂಪನಿಯೇ ಇಲ್ಲದ ದೇಶದಲ್ಲಿ ಒಬ್ರನ್ನೋ ಇಬ್ರನ್ನೋ ತಗೊಳ್ಳುವಾಗ. ಅಲ್ಲಿನ ಕಾಗದದ ಮೇಲೆ ಉದ್ಯೋಗದಾತರು ಅವ್ರು, ಕೆಲ್ಸ ನಿಮ್ಮದು. ಅಲ್ಲಿ ಕಂಪನಿ ರಿಜಿಸ್ಟರ್ ಮಾಡೋದಕ್ಕಿಂತ ಬೇಗ, ಫ್ರೀಲಾನ್ಸರ್ ಅಂತ ಸುಳ್ಳು ಹೆಸರು ಕೊಟ್ಟು ಆಮೇಲೆ ಸಿಕ್ಕಿಬೀಳೋದಕ್ಕಿಂತ ಸುರಕ್ಷಿತ. ಆದ್ರೆ ಇದು ಎಲ್ಲಾ ಕಡೆ ಶಾಶ್ವತ ದಾರಿ ಅಲ್ಲ, ಜರ್ಮನಿಯಲ್ಲಿ ನೌಕರರನ್ನ ಹೀಗೆ ಬೇರೆಯವ್ರ ಕೆಲ್ಸಕ್ಕೆ ಕೊಡೋದಕ್ಕೆ ಒಬ್ಬರಿಗೆ ಸಾಮಾನ್ಯವಾಗಿ 18 ತಿಂಗಳ ಮಿತಿ ಇದೆ. ಇನ್ನೊಂದು, ಅವ್ರು ಮಾಡಿದ ಕೋಡ್, ಡಿಸೈನ್ ಯಾರ ಸ್ವತ್ತು ಅನ್ನೋದು ನೌಕರರಿಂದ ಇಒಆರ್‌ಗೆ, ಇಒಆರ್‌ನಿಂದ ನಿಮಗೆ ಬರೋ ಥರ ಎರಡೂ ಒಪ್ಪಂದದಲ್ಲಿ ಇರ್ಬೇಕು, ಮಧ್ಯದ ಒಂದು ಕೊಂಡಿ ತಪ್ಪಿದ್ರೂ ಕಂಪನಿ ಮಾರೋ ಹೊತ್ತಿಗೆ ಗೊತ್ತಾಗುತ್ತೆ. ಒಂದೇ ದೇಶದಲ್ಲಿ ಹತ್ತು ಹದಿನೈದು ಜನ ಆದ್ರು ಅಂದ್ರೆ ತಲೆ ಲೆಕ್ಕದ ಫೀಸು ಒಟ್ಟು ಮಾಡಿ, ಸ್ವಂತ ಕಂಪನಿ ತೆರೆಯೋ ಖರ್ಚಿನ ಪಕ್ಕ ಇಡಿ.

ಜನ ಹುಡುಕ್ಕೊಡೋ ಏಜೆನ್ಸಿ ಬೇರೆ ವಿಷಯ, ಅದನ್ನ ಯಾವ ದಾರಿ ಜೊತೆಗಾದ್ರೂ ಸೇರಿಸ್ಕೋಬಹುದು. ವರ್ಷಕ್ಕೆ ಒಂದೆರಡು ಹುದ್ದೆ ಆದ್ರೆ ಸೇರಿದ ಮೇಲೆ ಫೀಸು ಅನ್ನೋ ಕರಾರೇ ಸಾಕು, ಸೇರಿದೋರು ಬೇಗ ಬಿಟ್ಟೋದ್ರೆ ಬದಲಿ ಕೊಡೋ ಅವಧಿ ಎಷ್ಟು ಅಂತ ಬರೆಸ್ಕೊಳ್ಳಿ.

ಯಾರಿಗೆ ಯಾವ್ದು

ಬಜೆಟ್ ಬಿಗಿ, ಜನ ಕಮ್ಮಿ ಅಂದ್ರೆ ಸಾಫ್ಟ್‌ವೇರು, ಜೊತೆಗೆ ವರ್ಷಕ್ಕೊಮ್ಮೆ ತಿಳಿದವ್ರ ಹತ್ರ ಒಂದು ಚೆಕಪ್. ತಿಂಗಳ ಕೊನೇ ವಾರ ಮಾತ್ರ ನರಳ್ತಿದೀರಾ, ಪೇರೋಲ್ ಕೊಡಿ. ಜನ ನಿಲ್ತಿಲ್ಲ, ಒಳಗೆ ಅಸಮಾಧಾನ ಇದೆ ಅಂದ್ರೆ ಮೊದಲ ದುಡ್ಡು ಕನ್ಸಲ್ಟೆಂಟಿಗೆ. ಐವತ್ತು ದಾಟಿ ಇನ್ನೂ ಬೆಳೀತಿರೋ ಕಂಪನಿ ಸ್ವಂತ ಎಚ್‌ಆರ್ ಒಬ್ರನ್ನ ತಗೊಳ್ಳೋದು, ಪೇರೋಲ್ ಹೊರಗೇ ಇರ್ಲಿ, ಇಡೀ ಎಚ್‌ಆರ್ ಹೊರಗೆ ಕೊಡೋದಕ್ಕಿಂತ ಇದು ಒಂಚೂರು ದುಬಾರಿ ಬಿದ್ರೂ ನಾನು ಇದನ್ನೇ ಹೇಳ್ತೀನಿ, ಜನರ ಹೆಸರು ಗೊತ್ತಿರೋ ಒಬ್ರು ಕಟ್ಟಡದಲ್ಲಿ ಇರೋದಕ್ಕೆ ಬೆಲೆ ಇದೆ.

ಯಾರನ್ನೇ ಆರಿಸಿ, ಸಹಿ ಹಾಕೋ ಮುಂಚೆ ಬಿಟ್ಟು ಬರೋ ದಾರಿ ಓದಿ. ಎಷ್ಟು ದಿನ ನೋಟಿಸ್ ಕೊಡ್ಬೇಕು, ತಾನಾಗೇ ರಿನ್ಯೂ ಆಗುತ್ತಾ, ಹೋಗುವಾಗ ನೌಕರರ ಎಲ್ಲಾ ವರ್ಷದ ದಾಖಲೆ ಎಕ್ಸೆಲ್ಲೋ ಸಿಎಸ್‌ವಿನೋ ಬಳಸೋಕಾಗೋ ಫೈಲಲ್ಲಿ ಕೊಡ್ತಾರಾ ಇಲ್ಲಾ ಪಿಡಿಎಫ್ ರಾಶಿ ಕೊಡ್ತಾರಾ, ಅದಕ್ಕೆ ಬೇರೆ ಚಾರ್ಜ್ ಇದ್ಯಾ, ಅವ್ರ ತಪ್ಪಿಂದ ದಂಡ ಬಿದ್ರೆ ಕಟ್ಟೋರು ಯಾರು, ಅದಕ್ಕೆ ಮಿತಿ ಎಷ್ಟು. ಎಷ್ಟೋ ಒಪ್ಪಂದದಲ್ಲಿ ಆ ಮಿತಿ ಕೆಲವು ತಿಂಗಳ ಫೀಸು ಅಷ್ಟೇ ಇರುತ್ತೆ, ದಂಡ ಅದರ ಹತ್ತು ಪಟ್ಟು ಬಂದ್ರೂ ಉಳಿದಿದ್ದು ನಿಮ್ಮದು.

ಬದಲಾಯಿಸುವಾಗ ಕನಿಷ್ಠ ಎರಡು ತಿಂಗಳು ಹಳೇದೂ ಹೊಸದೂ ಜೊತೆ ಜೊತೆಗೇ ಓಡಿಸಿ, ಒಬ್ಬೊಬ್ರ ಕೈಗೆ ಬರೋ ಸಂಬಳ ಎರಡರಲ್ಲೂ ಒಂದೇ ಬಂತಾ ನೋಡಿ. ವ್ಯತ್ಯಾಸ ಬಂದ್ರೆ ಕಾರಣ ಸಿಗೋ ತನಕ ಹಳೇದನ್ನ ನಿಲ್ಲಿಸ್ಬೇಡಿ, ಹೊಸಬ್ರು ತಪ್ಪಿರಬಹುದು, ಇಷ್ಟು ದಿನ ನಡೆದಿದ್ದೇ ತಪ್ಪಿರಬಹುದು. ಹಳೇದೇ ತಪ್ಪು ಅಂತ ಗೊತ್ತಾದ್ರೆ ನೌಕರರಿಗೆ ಬರ್ಬೇಕಾದ ಬಾಕಿ ಆ ತಿಂಗಳೇ ಕೊಟ್ಬಿಡಿ, ಯಾಕೆ ಬಂತು ಅಂತಾನೂ ಅವ್ರಿಗೆ ಹೇಳಿ.